ಮೋಡವೂ ಕೆರೆಯೂ: ವಿಶ್ವವಿದ್ಯಾಲಯಗಳು ಕಂಪ್ಯೂಟರ್ ಹಂಚಿಕೊಂಡ ಕಥೆ

ಕಳೆದ ವರ್ಷ ಬೇಸಿಗೆಯ ಹೊತ್ತಿಗೆ ನಮ್ಮ ವಿಶ್ವವಿದ್ಯಾಲಯದ ಗಣಕ ಕೇಂದ್ರದಿಂದ ಇಂಗ್ಲಿಷಿನಲ್ಲಿ ಮೂರು ಸಾಲಿನ ಇಮೇಲ್ ಬಂತು. ಸಂಶೋಧನಾ ವಿದ್ಯಾರ್ಥಿಗಳಿಗೆ ಇನ್ನು ಮುಂದೆ ತಲಾ 15 ಜಿಬಿ ಜಾಗ ಮಾತ್ರ ಸಿಗುತ್ತದೆ, ಅದಕ್ಕಿಂತ ಹೆಚ್ಚು ಬಳಸುತ್ತಿರುವವರು ಮೂವತ್ತು ದಿನಗಳೊಳಗೆ ತೆರವು ಮಾಡಬೇಕು, ತಪ್ಪಿದರೆ ಖಾತೆ ನಿಲ್ಲುತ್ತದೆ. ನನ್ನ ಖಾತೆ ತೆರೆದು ನೋಡಿದೆ. 212 ಜಿಬಿ ತುಂಬಿತ್ತು.

ಅದರಲ್ಲಿದ್ದದ್ದು ಬಹುಪಾಲು ಕಲ್ಲುಗಳ ಫೋಟೋ. ನಾನು ಕೆಲಸ ಮಾಡುತ್ತಿರುವುದು ಕೆರೆಗಳ ಶಾಸನಗಳ ಮೇಲೆ. ನಾಲ್ಕು ವರ್ಷದಿಂದ ಕೋಲಾರ, ತುಮಕೂರು, ಹಾಸನದ ಕಡೆಯ ಕೆರೆ ಏರಿಗಳ ಮೇಲೆ ಓಡಾಡಿ, ಕಲ್ಲಿಗೆ ನೀರು ಸುರಿದು, ತೆಂಗಿನ ನಾರಿನಲ್ಲಿ ಉಜ್ಜಿ, ಓರೆ ಬಿಸಿಲು ಬೀಳುವ ತನಕ ಕಾದು ತೆಗೆದ ಹದಿನಾಲ್ಕು ಸಾವಿರದಷ್ಟು ಚಿತ್ರಗಳು. ಅವುಗಳಲ್ಲಿ ಒಂದು ಕಲ್ಲು ಈಗ ಇಲ್ಲ. ಮೊದಲ ಸಲ ಹೋದಾಗ ಅದು ಹುಣಸೆ ಮರದ ಬುಡದಲ್ಲಿ ಅರ್ಧ ಹೂತುಕೊಂಡಿತ್ತು. ಓದು ಸರಿಯಾಗಿದೆಯೇ ನೋಡೋಣವೆಂದು ಎರಡು ವರ್ಷದ ಮೇಲೆ ಹೋದರೆ ಮರವೂ ಇರಲಿಲ್ಲ, ಕಲ್ಲೂ ಇರಲಿಲ್ಲ. "ರಸ್ತೆ ಅಗ್ಲ ಮಾಡುವಾಗ ಎತ್ತಾಕಿದ್ರು ಕಣವ್ವಾ, ಎಲ್ಲಿಗಾಕಿದ್ರೋ" ಎಂದು ಅಲ್ಲಿ ದನ ಕಾಯುತ್ತಿದ್ದ ಅಜ್ಜ ಹೇಳಿದರು. ಈಗ ಆ ಶಾಸನ ಉಳಿದಿರುವುದು ನನ್ನ ಒಂಬತ್ತು ಫೋಟೋಗಳಲ್ಲಿ. ಆ ಒಂಬತ್ತು ಫೋಟೋಗಳೂ ಆ 212 ಜಿಬಿಯ ಒಳಗೇ ಇದ್ದವು.

ಗಣಕ ಕೇಂದ್ರಕ್ಕೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ. "ಮೇಡಂ, ಅದು ನಮ್ಮ ಹತ್ರ ಇಲ್ಲ, ಕ್ಲೌಡ್‌ನಲ್ಲಿದೆ" ಎಂದರು. ಕ್ಲೌಡ್ ಎಲ್ಲಿದೆ ಸರ್ ಎಂದು ಕೇಳಿದೆ. ಅವರು ನಕ್ಕರು. "ಅದನ್ನ ಕಂಪನಿಯವರನ್ನೇ ಕೇಳ್ಬೇಕು" ಎಂದರು. ಅವರ ನಗುವಿನಲ್ಲಿ ಕುಹಕ ಇರಲಿಲ್ಲ, ನನ್ನಷ್ಟೇ ಅವರೂ ಅಸಹಾಯಕರು.

ಇತಿಹಾಸದ ವಿದ್ಯಾರ್ಥಿಗೆ ಸಿಟ್ಟು ಬಂದರೂ ಅದು ಕೊನೆಗೆ ಪ್ರಶ್ನೆಯಾಗಿಯೇ ಇಳಿಯುತ್ತದೆ. ವಿಶ್ವವಿದ್ಯಾಲಯಗಳು ತಮ್ಮ ಸರಕನ್ನು ಪರರ ಮನೆಯಲ್ಲಿ ಇಡಲು ಶುರುಮಾಡಿದ್ದು ಯಾವಾಗ? ಯಾಕೆ? ಆ ಹೊತ್ತಿಗೆ ಬೇರೆ ದಾರಿ ಇತ್ತೇ? ಬರೆಯುತ್ತಿದ್ದ ಅಧ್ಯಾಯವನ್ನು ಬದಿಗಿಟ್ಟು ಕೆಲವು ವಾರ ಇದನ್ನೇ ಓದಿದೆ. ಓದುತ್ತಾ ಹೋದಂತೆ ನನಗೆ ಅಚ್ಚರಿಯಾದ ಸಂಗತಿ ಒಂದಿತ್ತು. ಕ್ಲೌಡ್ ಎಂಬ ಹೆಸರು ಕಂಪನಿಗಳ ಬಾಯಲ್ಲಿ ಹಬ್ಬಿತು ನಿಜ, ಆದರೆ ಅದರ ಹಿಂದಿನ ಆಲೋಚನೆ ಬೆಳೆದದ್ದು ವಿಶ್ವವಿದ್ಯಾಲಯಗಳ ಅಂಗಳದಲ್ಲೇ. ಬೇರೆಯವರ ಮನೆ ಎಂದು ನಾನು ಅಂದುಕೊಂಡಿದ್ದ ಕಟ್ಟಡದ ನೀಲನಕ್ಷೆ ನಮ್ಮ ಮನೆಯದೇ ಆಗಿತ್ತು.

*

1950ರ ದಶಕದ ಕೊನೆಯಲ್ಲಿ ಅಮೆರಿಕದ ಯಾವುದೇ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಎಂದರೆ ಒಂದು ಕೋಣೆ, ಅದರ ಮುಂದೆ ಒಂದು ಕಿಟಕಿ, ಕಿಟಕಿಯ ಮುಂದೆ ಒಂದು ಸಾಲು. ಲೆಕ್ಕ ಮಾಡಬೇಕಾದವರು ತಮ್ಮ ಸೂಚನೆಗಳನ್ನು ರಂಧ್ರ ಕೊರೆದ ರಟ್ಟಿನ ಕಾರ್ಡುಗಳ ಮೇಲೆ ಬರೆದು, ಕಟ್ಟು ಕಟ್ಟಿ ಕಿಟಕಿಯಲ್ಲಿ ಕೊಟ್ಟು ಬರಬೇಕು. ಸರದಿ ಬಂದಾಗ ನಿರ್ವಾಹಕರು ಆ ಕಟ್ಟನ್ನು ಯಂತ್ರಕ್ಕೆ ಉಣಿಸುತ್ತಾರೆ. ಉತ್ತರ ಸಂಜೆಗೋ ಮರುದಿನಕ್ಕೋ ಸಿಗುತ್ತದೆ. ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರದ ಬದಲು ತಪ್ಪಿನ ಸೂಚನೆ ಸಿಗುತ್ತದೆ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಯಂತ್ರದ ಬೆಲೆ ಲಕ್ಷಾಂತರ ಡಾಲರ್. ಹಾಗಾಗಿ ಅದರ ಒಂದು ನಿಮಿಷವೂ ವ್ಯರ್ಥವಾಗಬಾರದು, ಮನುಷ್ಯರ ದಿನಗಳು ವ್ಯರ್ಥವಾದರೆ ಚಿಂತೆಯಿಲ್ಲ ಎಂಬುದು ಆಗಿನ ಲೆಕ್ಕಾಚಾರ.

ಈ ಲೆಕ್ಕವನ್ನು ತಿರುಗಿಸಿ ಹಾಕಿದವರಲ್ಲಿ ಎಂಐಟಿಯ ಜಾನ್ ಮೆಕಾರ್ಥಿ ಒಬ್ಬರು. 1961ರಲ್ಲಿ ಎಂಐಟಿಯ ಶತಮಾನೋತ್ಸವದ ಉಪನ್ಯಾಸದಲ್ಲಿ ಅವರು, ಮುಂದೊಂದು ದಿನ ಗಣನೆ ಎಂಬುದು ಟೆಲಿಫೋನಿನ ಹಾಗೆ ಸಾರ್ವಜನಿಕ ಸೌಕರ್ಯವಾಗಬಹುದು ಎಂದರು. ಮನೆಮನೆಗೆ ವಿದ್ಯುತ್ ಕೇಂದ್ರ ಕಟ್ಟದೆ ತಂತಿಯಲ್ಲಿ ವಿದ್ಯುತ್ ತರಿಸಿಕೊಳ್ಳುವಂತೆ, ಗಣನೆಯನ್ನೂ ತರಿಸಿಕೊಂಡು ಬಳಸಿದಷ್ಟಕ್ಕೆ ದುಡ್ಡು ಕೊಡುವ ಕಾಲ. ಇವತ್ತು ಕ್ಲೌಡ್ ಎನ್ನುವುದನ್ನು ಆ ಶಬ್ದವಿಲ್ಲದೆ ಅವರು ಆಗಲೇ ಹೇಳಿದ್ದರು.

ಅದೇ ವರ್ಷದ ನವೆಂಬರಿನಲ್ಲಿ ಎಂಐಟಿಯಲ್ಲೇ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ತಂತ್ರ ಸರಳ. ಮನುಷ್ಯ ಯೋಚಿಸುತ್ತಾ ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ಯಂತ್ರ ಸಾವಿರಾರು ಲೆಕ್ಕ ಮುಗಿಸಬಲ್ಲದು. ಹಾಗಾದರೆ ಆ ಬಿಡುವಿನಲ್ಲಿ ಅದು ಇನ್ನೊಬ್ಬರ ಕೆಲಸ ಮಾಡಲಿ, ಆಮೇಲೆ ಮೂರನೆಯವರದು, ಮತ್ತೆ ಮೊದಲನೆಯವರದು. ಸರದಿ ಎಷ್ಟು ಬೇಗ ಸುತ್ತುತ್ತದೆಂದರೆ ಪ್ರತಿಯೊಬ್ಬರಿಗೂ ಇಡೀ ಯಂತ್ರ ತಮ್ಮದೇ ಎನ್ನಿಸುತ್ತದೆ. ಇದಕ್ಕೆ ಟೈಮ್ ಶೇರಿಂಗ್ ಎಂದು ಹೆಸರಾಯಿತು. ಒಂದೇ ತೂಬಿನ ನೀರನ್ನು ಸರದಿ ಪ್ರಕಾರ ಎಲ್ಲ ಗದ್ದೆಗೂ ಬಿಡುವ ನೀರುಗಂಟಿಯ ಕೆಲಸವೇ ಅದು.

ಹಂಚಿಕೊಳ್ಳುವುದು ಬಂದ ಕೂಡಲೇ 'ನಿನ್ನ ಪಾಲೆಷ್ಟು' ಎಂಬುದೂ ಬಂತು. ಪ್ರತಿಯೊಬ್ಬರ ಕಡತವನ್ನು ಬೇರೆಬೇರೆಯಾಗಿ ಇಡಬೇಕಿತ್ತು, ಪ್ರತಿಯೊಬ್ಬರ ಬಳಕೆಯನ್ನು ಅಳೆಯಬೇಕಿತ್ತು. ನಾವಿಂದು ದಿನಕ್ಕೆ ಹತ್ತು ಸಲ ಹೊಡೆಯುವ ಪಾಸ್‌ವರ್ಡ್ ಕಂಪ್ಯೂಟರಿಗೆ ಬಂದದ್ದು ಈ ವ್ಯವಸ್ಥೆಯಲ್ಲಿ. 1962ರಲ್ಲಿ ಆಲನ್ ಶೆರ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ ಅಲ್ಲಿ ವಾರಕ್ಕೆ ನಾಲ್ಕು ಗಂಟೆಯ ಪಾಲು ಸಿಕ್ಕಿತ್ತು. ಆತನ ಸಂಶೋಧನೆಗೆ ಅದು ಏನೇನೂ ಸಾಲದು. ಆತ ಮಾಡಿದ್ದೇನೆಂದರೆ, ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನು ಮುದ್ರಿಸುವಂತೆ ಯಂತ್ರಕ್ಕೇ ಕೋರಿಕೆ ಸಲ್ಲಿಸಿ, ಬಂದ ಹಾಳೆಯನ್ನು ಎತ್ತಿಕೊಂಡು ಹೋಗಿ, ಬೇರೆಯವರ ಪಾಲಿನಲ್ಲಿ ತನ್ನ ಕೆಲಸ ಮುಗಿಸಿದ. ಹಲವು ವರ್ಷಗಳ ನಂತರ ತಾನೇ ಇದನ್ನು ಒಪ್ಪಿಕೊಂಡ. ತಪ್ಪು ತಪ್ಪೇ. ಆದರೆ 15 ಜಿಬಿಯ ಇಮೇಲ್ ಕೈಯಲ್ಲಿ ಹಿಡಿದು ಇದನ್ನು ಓದಿದಾಗ ಅರುವತ್ತು ವರ್ಷದ ಹಿಂದಿನ ಆ ಸಂಶೋಧನಾ ವಿದ್ಯಾರ್ಥಿ ನಮ್ಮ ಹಾಸ್ಟೆಲಿನವನೇ ಅನ್ನಿಸಿದ.

*

ಎಂಐಟಿಯಲ್ಲಿ ಇದು ತಜ್ಞರ ಕೆಲಸವಾಗಿತ್ತು. ಇದನ್ನು ಎಲ್ಲರ ಕೈಗೆ ಕೊಟ್ಟದ್ದು ನ್ಯೂ ಹ್ಯಾಂಪ್‌ಶೈರಿನ ಡಾರ್ಟ್‌ಮತ್ ಎಂಬ ಕಾಲೇಜು. ಅಲ್ಲಿನ ಇಬ್ಬರು ಗಣಿತದ ಮೇಷ್ಟ್ರುಗಳು, ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್. ಕೆಮೆನಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದವರು, ಪ್ರಿನ್ಸ್‌ಟನ್ನಿನಲ್ಲಿ ಐನ್‌ಸ್ಟೈನರ ಗಣಿತ ಸಹಾಯಕರಾಗಿದ್ದವರು. ಡಾರ್ಟ್‌ಮತ್ತಿನಲ್ಲಿ ವಿಜ್ಞಾನ ಓದುವವರಿಗಿಂತ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರ ಓದುವವರೇ ಹೆಚ್ಚು. ನಾಳೆ ದೇಶದ ನಿರ್ಧಾರಗಳನ್ನು ತೆಗೆದುಕೊಳ್ಳುವವರು ಇವರೇ, ಇವರಿಗೆ ಕಂಪ್ಯೂಟರ್ ಗೊತ್ತಿರಬೇಡವೇ ಎಂಬುದು ಇಬ್ಬರ ಪ್ರಶ್ನೆ. ಹಾಗಾಗಿ ಎಲ್ಲರಿಗೂ ಅರ್ಥವಾಗುವ ಭಾಷೆಯೊಂದನ್ನು ರೂಪಿಸಿದರು. ಅದೇ ಬೇಸಿಕ್. ವ್ಯವಸ್ಥೆಯ ಕೆಲಸದಲ್ಲಿ ಬಹುಪಾಲನ್ನು ಮಾಡಿದವರು ಪದವಿ ತರಗತಿಯ ಹುಡುಗರು. 1964ರ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಮೆನಿ ಮತ್ತು ಒಬ್ಬ ವಿದ್ಯಾರ್ಥಿ ಅಕ್ಕಪಕ್ಕದ ಎರಡು ಟರ್ಮಿನಲ್‌ಗಳಲ್ಲಿ ತಮ್ಮ ತಮ್ಮ ಪ್ರೋಗ್ರಾಮನ್ನು ಓಡಿಸಿದರು. ಇಬ್ಬರಿಗೂ ಸರಿಯಾದ ಉತ್ತರ ಬಂತು.

ನನಗೆ ಮುಖ್ಯವೆನ್ನಿಸಿದ್ದು ಅವರ ಇನ್ನೊಂದು ತೀರ್ಮಾನ. ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಉಚಿತ, ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕದ ಕಪಾಟುಗಳನ್ನು ತೆರೆದಿಡುತ್ತೇವಲ್ಲ, ಹಾಗೆಯೇ ಇದೂ ಎಂಬುದು ಕೆಮೆನಿಯ ವಾದ. ಮುಂದೆ ಫೋನ್ ತಂತಿಯ ಮೂಲಕ ಸುತ್ತಲಿನ ಹೈಸ್ಕೂಲುಗಳಿಗೂ ಬೇರೆ ಕಾಲೇಜುಗಳಿಗೂ ಈ ಸೌಲಭ್ಯ ಹಬ್ಬಿತು. ಅಂದರೆ 1960ರ ದಶಕದಲ್ಲೇ ಒಂದು ಕಾಲೇಜು ತನ್ನ ಸುತ್ತಣ ಊರುಗಳಿಗೆ ಕ್ಲೌಡ್ ಆಗಿತ್ತು. ಕಂಪ್ಯೂಟರ್ ಕೊಟ್ಟದ್ದು ಜನರಲ್ ಎಲೆಕ್ಟ್ರಿಕ್ ಎಂಬ ಕಂಪನಿ. ಆದರೆ ಯಾರಿಗೆ ಎಷ್ಟು ಪಾಲು ಎಂದು ತೀರ್ಮಾನಿಸುತ್ತಿದ್ದವರು ಮೇಷ್ಟ್ರುಗಳು.

*

ನಮ್ಮಲ್ಲೂ ಕಥೆ ಶುರುವಾದದ್ದು ಹಂಚಿಕೊಳ್ಳುವುದರಿಂದಲೇ. ಬಡ ದೇಶಕ್ಕೆ ಬೇರೆ ದಾರಿ ಇರಲಿಲ್ಲ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಎಂಬ ಯಂತ್ರ ಬಂತು. ಒಂಬತ್ತು ಅಮೆರಿಕನ್ ವಿದ್ಯಾಸಂಸ್ಥೆಗಳ ಒಕ್ಕೂಟ ಆ ಐಐಟಿಗೆ ನೆರವಾಗುತ್ತಿದ್ದ ಕಾಲ ಅದು. ಅಲ್ಲಿನ ಗಣಕ ಕೇಂದ್ರವನ್ನು ಆರಂಭದಲ್ಲಿ ಮುನ್ನಡೆಸಿದವರು ಎಚ್. ಕೆ. ಕೇಶವನ್, ಚಿಕ್ಕಮಗಳೂರಿನ ಹಿರೇಮಗಳೂರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತವರು. ವಿ. ರಾಜಾರಾಮನ್ ಮತ್ತು ಸಹೋದ್ಯೋಗಿಗಳು ದೇಶದ ಬೇರೆ ಬೇರೆ ಕಡೆಯ ವಿಜ್ಞಾನಿಗಳನ್ನೂ ಅಧ್ಯಾಪಕರನ್ನೂ ಕರೆಸಿ ಕೆಲವೇ ದಿನಗಳ ತರಬೇತಿಯಲ್ಲಿ ಪ್ರೋಗ್ರಾಮಿಂಗ್ ಕಲಿಸಿ ಕಳಿಸುತ್ತಿದ್ದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರ ಹೊತ್ತಿಗೆ ದೇಶದಲ್ಲೇ ಕಟ್ಟಿದ ಟಿಫ್ರಾಕ್ ಇತ್ತು. 1964ರಲ್ಲಿ ಅಲ್ಲಿಗೆ ಬಂದ ಸಿಡಿಸಿ 3600 ಯಂತ್ರವನ್ನು ದೇಶದ ಅನೇಕ ಸಂಸ್ಥೆಗಳು ಬಳಸಿಕೊಂಡವು. ಒಬ್ಬರ ಹತ್ತಿರ ಯಂತ್ರ, ಹತ್ತಾರು ಊರಿನವರ ಲೆಕ್ಕ.

1986ರಲ್ಲಿ ಎರ್‌ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲ ಶುರುವಾಯಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಹಣ ಸೇರಿತ್ತು. ಆಗಿನ ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ಜೊತೆಗೆ ಇಲಾಖೆ. ಹೀಗೆ ಎಂಟು ಕಡೆ. ಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರಲ್ಲಿ. ಅದಕ್ಕೂ ಮೊದಲೇ ಈ ಎಂಟು ಅಂಗಳಗಳಲ್ಲಿ ಇಮೇಲ್ ಓಡಾಡುತ್ತಿತ್ತು.

ಆದರೆ ಅಷ್ಟರಲ್ಲಿ ಗಾಳಿ ಬೇರೆ ಕಡೆ ತಿರುಗಿತ್ತು. ಕಂಪ್ಯೂಟರ್ ಅಗ್ಗವಾಗಿ ಮೇಜಿನ ಮೇಲೆ ಬಂದು ಕೂತಿತು. ವಿಭಾಗಕ್ಕೊಂದು, ಆಮೇಲೆ ಕೋಣೆಗೊಂದು, ಆಮೇಲೆ ಆಳಿಗೊಂದು. ವಿಶ್ವವಿದ್ಯಾಲಯಗಳು ತಮ್ಮದೇ ಸರ್ವರ್ ಕೋಣೆ ಕಟ್ಟಿಕೊಂಡವು. ನಮ್ಮ ತಲೆಮಾರಿನವರಿಗೆ ಆ ಕೋಣೆ ನೆನಪಿರುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಎಸಿ, ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ, ಆಯುಧಪೂಜೆಯ ದಿನ ಕುಂಕುಮ. ವರ್ಷದ ಮುನ್ನೂರು ದಿನ ಆ ಸರ್ವರಿಗೆ ಅಷ್ಟೇನೂ ಕೆಲಸವಿಲ್ಲ. ಫಲಿತಾಂಶದ ದಿನ ಮಾತ್ರ ಸಾವಿರಾರು ವಿದ್ಯಾರ್ಥಿಗಳು ಒಂದೇ ಗಂಟೆಯಲ್ಲಿ ನುಗ್ಗಿದಾಗ ಅದು ಮಲಗಿಬಿಡುತ್ತದೆ. ಆ ಒಂದು ದಿನಕ್ಕೆಂದು ಹತ್ತು ಪಟ್ಟು ಯಂತ್ರ ಕೊಂಡಿಟ್ಟುಕೊಳ್ಳಲು ಆಗುವುದಿಲ್ಲ. ಕೊಂಡ ಯಂತ್ರವೂ ಐದಾರು ವರ್ಷಕ್ಕೆ ಹಳತಾಗುತ್ತದೆ, ನೋಡಿಕೊಳ್ಳುವವರು ಬೆಂಗಳೂರಿನ ಕಂಪನಿ ಸೇರಿಕೊಳ್ಳುತ್ತಾರೆ. ಕ್ಲೌಡ್ ಬಂದಾಗ ವಿಶ್ವವಿದ್ಯಾಲಯಗಳು ಯಾಕೆ ಹಾಗೆ ಕೈಚಾಚಿದವು ಎಂಬುದು ಈ ಕೋಣೆಯಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ. ಅವರು ಮೋಸ ಹೋಗಲಿಲ್ಲ, ನಿಜವಾಗಿ ಕಷ್ಟದಲ್ಲಿದ್ದರು.

*

2006 ಈ ಕಥೆಯ ತಿರುವು. ಆ ವರ್ಷದ ಮಾರ್ಚಿನಲ್ಲಿ ಅಮೆಜಾನ್ ತನ್ನ ಸಂಗ್ರಹದ ಜಾಗವನ್ನು, ಆಗಸ್ಟಿನಲ್ಲಿ ಗಣನಾ ಶಕ್ತಿಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡಲು ಶುರುಮಾಡಿತು. ಕ್ಲೌಡ್ ಎಂಬ ಮಾತು ಹೆಚ್ಚು ಚಾಲ್ತಿಗೆ ಬಂದದ್ದೂ ಆ ಹೊತ್ತಿಗೇ. ಎಂಜಿನಿಯರುಗಳು ನಕ್ಷೆ ಬರೆಯುವಾಗ ಒಳಗಿನ ವಿವರ ಬೇಡವಾದ ಜಾಲವನ್ನು ಮೋಡದ ಆಕಾರದಲ್ಲಿ ಬರೆಯುವ ರೂಢಿ ಇತ್ತು. 'ಇದರೊಳಗೆ ಏನಿದೆ ಎಂದು ಸದ್ಯಕ್ಕೆ ಕೇಳಬೇಡಿ' ಎನ್ನುವ ಗುರುತು ಅದು. ಆ ಗುರುತೇ ಹೆಸರಾಯಿತು.

ಅದೇ ಅಕ್ಟೋಬರಿನಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಸುಮಾರು 65,000 ವಿದ್ಯಾರ್ಥಿಗಳ ಇಮೇಲನ್ನು ಗೂಗಲಿಗೆ ವಹಿಸಿತು. ವಿಶ್ವವಿದ್ಯಾಲಯಕ್ಕೆ ಖರ್ಚಿಲ್ಲ, ವಿದ್ಯಾರ್ಥಿಗೆ ತಾನೇ ಕೊಡುತ್ತಿದ್ದುದಕ್ಕಿಂತ ಎಷ್ಟೋ ಪಟ್ಟು ಜಾಗ. ಯಾರು ಬೇಡವೆನ್ನುತ್ತಾರೆ? ಒಂದೊಂದಾಗಿ ಜಗತ್ತಿನ ವಿಶ್ವವಿದ್ಯಾಲಯಗಳು ಹಿಂಬಾಲಿಸಿದವು. 2011ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್, ಕ್ಲೌಡ್ ಎಂದರೇನು ಎಂಬುದಕ್ಕೆ ವ್ಯಾಖ್ಯೆ ಕೊಟ್ಟಿತು. ಬೇಕೆಂದಾಗ ತಾನೇ ಪಡೆಯಬಹುದು, ಜಾಲದ ಮೂಲಕ ಎಲ್ಲಿಂದಲೂ ಸಿಗುತ್ತದೆ, ಹಲವರ ನಡುವೆ ಹಂಚಿಕೆಯಾಗಿರುತ್ತದೆ, ಬೇಕಾದಷ್ಟು ಹಿಗ್ಗಿ ಕುಗ್ಗುತ್ತದೆ, ಬಳಕೆಯನ್ನು ಅಳೆಯಲಾಗುತ್ತದೆ. ಈ ಐದು ಲಕ್ಷಣಗಳನ್ನು ಮೆಕಾರ್ಥಿ ಓದಿದ್ದರೆ ಹೊಸದೇನಿದೆ ಎನ್ನುತ್ತಿದ್ದರೇನೋ.

ಹೊಸದು ಬೇರೆಡೆ ಇತ್ತು. ಪಾಲು ಹಂಚುವವರು ಬದಲಾಗಿದ್ದರು. ವಿದ್ಯಾರ್ಥಿಗಳ ಇಮೇಲುಗಳನ್ನು ಜಾಹೀರಾತಿನ ಉದ್ದೇಶಕ್ಕಾಗಿ ಯಂತ್ರಗಳಿಂದ ಓದಿಸುವುದನ್ನು ನಿಲ್ಲಿಸಿದ್ದೇವೆ ಎಂದು ಗೂಗಲ್ 2014ರ ಏಪ್ರಿಲಿನಲ್ಲಿ ಹೇಳಿತು. ನಿಲ್ಲಿಸಿದ್ದು ಒಳ್ಳೆಯದೇ, ಆದರೆ ಅಲ್ಲಿಯವರೆಗೆ ಅದು ನಡೆದಿತ್ತು ಎಂಬುದು ಎಷ್ಟೋ ಮೇಷ್ಟ್ರುಗಳಿಗೆ ತಿಳಿದದ್ದು ಆಗ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಿತಿಯೇ ಇಲ್ಲದಷ್ಟು ಸಂಗ್ರಹ ಜಾಗ ಉಚಿತವೆಂದು ಪ್ರಕಟವಾಯಿತು. ಮಿತಿಯಿಲ್ಲ ಎಂದ ಮೇಲೆ ಯಾರು ಎಣಿಸುತ್ತಾರೆ? ಪ್ರಯೋಗಾಲಯಗಳ ದತ್ತಾಂಶ, ತರಗತಿಗಳ ವಿಡಿಯೋ, ಅಧ್ಯಾಪಕರ ಜೀವಮಾನದ ಟಿಪ್ಪಣಿಗಳು ಅಲ್ಲಿ ಸೇರಿದವು. 2020ರಲ್ಲಿ ಕೊರೋನಾ ಬಂದು ತರಗತಿಗಳೇ ಪರದೆಯ ಮೇಲೆ ನಡೆದಾಗ ಉಳಿದದ್ದೂ ಸೇರಿತು. 2021ರ ಫೆಬ್ರವರಿಯಲ್ಲಿ ಕಂಪನಿ ತನ್ನ ಮಾತು ಬದಲಿಸಿತು. ಇನ್ನು ಇಡೀ ಸಂಸ್ಥೆಗೆ ಒಟ್ಟಾಗಿ 100 ಟೆರಾಬೈಟ್, ಈಗಾಗಲೇ ಬಳಸುತ್ತಿರುವವರಿಗೆ 2022ರ ಜುಲೈಯಿಂದ ಅನ್ವಯ, ಅದಕ್ಕಿಂತ ಹೆಚ್ಚು ಬೇಕಾದರೆ ದುಡ್ಡು. ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿಲ್ಲ. ಅಂಗಡಿಯವರು ತಮ್ಮ ಸರಕಿನ ಬೆಲೆ ಬದಲಿಸಿದರು, ಅಷ್ಟೇ. ಆದರೆ ವಿಶ್ವವಿದ್ಯಾಲಯಗಳು ಅದನ್ನು ಅಂಗಡಿ ಎಂದು ತಿಳಿದಿರಲಿಲ್ಲ, ಗ್ರಂಥಾಲಯ ಎಂದುಕೊಂಡಿದ್ದವು.

*

ನಮ್ಮ ದೇಶ ಈ ನಡುವೆ ಎರಡು ದಾರಿಯಲ್ಲೂ ನಡೆದಿದೆ. ಯುಜಿಸಿಯ 2009ರ ನಿಯಮದಂತೆ ಪಿಎಚ್‌ಡಿ ಪ್ರಬಂಧಗಳ ಎಲೆಕ್ಟ್ರಾನಿಕ್ ಪ್ರತಿ ಕೊಡುವುದು ಕಡ್ಡಾಯವಾಯಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅವನ್ನು ಶೋಧಗಂಗಾದಲ್ಲಿ ಇಡುತ್ತಿದೆ. ಇನ್ನಾವುದೋ ಊರಿನ ಗ್ರಂಥಾಲಯದ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದ ಕನ್ನಡದ ಪ್ರಬಂಧವನ್ನು ನಾನು ಹಾಸ್ಟೆಲಿನಲ್ಲಿ ಕೂತು ಓದುವುದು ಅದರಿಂದಲೇ. 2010ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಜ್ಞಾನ ಜಾಲ ದೇಶದ ವಿಶ್ವವಿದ್ಯಾಲಯಗಳನ್ನೂ ಸಂಶೋಧನಾ ಸಂಸ್ಥೆಗಳನ್ನೂ ವೇಗದ ತಂತಿಯಿಂದ ಜೋಡಿಸಿತು. ಮೇಘರಾಜ್ ಎಂಬ ಹೆಸರಿನಲ್ಲಿ ಸರ್ಕಾರವೇ ತನ್ನ ಕ್ಲೌಡ್ ಕಟ್ಟಿತು. ಕರ್ನಾಟಕದಲ್ಲಿ 2021ರಿಂದ ಪ್ರವೇಶ, ಪರೀಕ್ಷೆ, ಅಂಕಪಟ್ಟಿಗಳನ್ನು ಯುಯುಸಿಎಂಎಸ್ ಎಂಬ ಒಂದೇ ವ್ಯವಸ್ಥೆಗೆ ತಂದರು. ಆಡಳಿತದ ಕಾಗದಗಳು ಹೀಗೆ ಒಂದು ಕಡೆ ಸೇರುತ್ತಿವೆ. ಸಂಶೋಧಕರ ಹಸಿ ಸಾಮಗ್ರಿ, ಅಂದರೆ ಕ್ಷೇತ್ರಕಾರ್ಯದ ಧ್ವನಿಮುದ್ರಣ, ಫೋಟೋ, ಟಿಪ್ಪಣಿ, ಬಹುಪಾಲು ಖಾಸಗಿ ಕಂಪನಿಗಳ ಉಚಿತ ಜಾಗದಲ್ಲಿ ಉಳಿಯಿತು. ಪ್ರಬಂಧಕ್ಕೆ ಶೋಧಗಂಗಾ ಇದೆ, ಪ್ರಬಂಧ ಹುಟ್ಟಿದ ಮಣ್ಣಿಗೆ ಇಂಥದೊಂದು ಮನೆ ಇಲ್ಲ.

ಹಾಗೆಂದು 'ನಮ್ಮದೇ ಮನೆ ಇದ್ದರೆ ಸಾಕು' ಎನ್ನುವಂತೆಯೂ ಇಲ್ಲ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯ ತನ್ನ ಸೂಪರ್‌ಕಂಪ್ಯೂಟರಿನ ಸಂಗ್ರಹದಿಂದ 77 ಟೆರಾಬೈಟ್ ಸಂಶೋಧನಾ ದತ್ತಾಂಶ ಕಳೆದುಕೊಂಡಿತು. 14 ಸಂಶೋಧನಾ ಗುಂಪುಗಳ ಸುಮಾರು 3.4 ಕೋಟಿ ಕಡತಗಳು. ವೈರಸ್ ಅಲ್ಲ, ಕಳ್ಳತನ ಅಲ್ಲ. ಹಳೆಯ ಕಡತಗಳನ್ನು ಅಳಿಸುವ ಸಣ್ಣ ಪ್ರೋಗ್ರಾಮನ್ನು ಸುಧಾರಿಸಲು ಹೋದಾಗ ಅದು ಅಳಿಸಬಾರದ್ದನ್ನೂ ಅಳಿಸಿತು.

ನಮ್ಮ ಮನೆಯ ಹತ್ತಿರದ ಉದಾಹರಣೆ ಬೇಕೆಂದರೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ದಶಲಕ್ಷ ಪುಸ್ತಕಗಳ ಯೋಜನೆಯ ಜೊತೆಜೊತೆಗೆ ಬೆಳೆದ ಕೆಲಸ ಅದು. ಲಕ್ಷಾಂತರ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು. ಅದರಲ್ಲಿ ಕನ್ನಡದವು ಸಾವಿರಾರು. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಅಡ್ಡಾದಿಡ್ಡಿಯಾಗಿ ನಮೂದಾಗಿ ಹುಡುಕಲು ಆಗದಂತಿದ್ದಾಗ, ಸಂಚಯದಂಥ ಸ್ವಯಂಸೇವಕರ ಬಳಗ ಕನ್ನಡದಲ್ಲೇ ಹುಡುಕುವ ಪಟ್ಟಿಯನ್ನು ಸಿದ್ಧಪಡಿಸಿತು. ಮುಂದೆ ಕೃತಿಸ್ವಾಮ್ಯದ ತಕರಾರುಗಳ ನಡುವೆ ಆ ಜಾಲತಾಣ ಮುಚ್ಚಿತು. ಇವತ್ತು ಆ ಪುಸ್ತಕಗಳನ್ನು ನಾವು ಓದುತ್ತಿರುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ. ಮುಚ್ಚುವ ಮೊದಲೇ ಅವುಗಳ ಪ್ರತಿಗಳನ್ನು ಯಾರೋ ಅಲ್ಲಿಗೆ ದಾಟಿಸಿದ್ದರು. ಉಳಿಸಿದ್ದು ಇನ್ನೊಂದು ಕಡೆ ಇನ್ನೊಂದು ಪ್ರತಿ ಇದ್ದದ್ದು, ಮತ್ತು ಅದನ್ನು ನೋಡಿಕೊಳ್ಳುವ ಮನಸ್ಸಿನವರು ಇದ್ದದ್ದು.

ನಡುವಿನ ದಾರಿಯೂ ಇದೆ. ಜರ್ಮನಿಯ ನಾರ್ಥ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ವಿಶ್ವವಿದ್ಯಾಲಯಗಳು 2015ರಲ್ಲಿ ಸೇರಿಕೊಂಡು ಸೀಬೊ ಎಂಬ ಸಂಗ್ರಹವನ್ನು ಶುರುಮಾಡಿದವು. ನಡೆಸುವುದು ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯ, ಯಂತ್ರಗಳು ಇರುವುದು ವಿಶ್ವವಿದ್ಯಾಲಯಗಳ ಕಟ್ಟಡಗಳಲ್ಲೇ. ಒಬ್ಬೊಬ್ಬರಿಗೆ ಮೊದಲಿಗೆ ಕೊಟ್ಟದ್ದು 30 ಜಿಬಿ. ಮಿತಿಯಿಲ್ಲ ಎಂಬ ಆಸೆ ಹುಟ್ಟಿಸಲಿಲ್ಲ. ಇಷ್ಟೇ ನಮ್ಮ ಕೈಲಾದದ್ದು, ಆದರೆ ಇದು ನಮ್ಮದು ಎಂದರು.

*

ಇಷ್ಟೆಲ್ಲ ಓದಿದ ಮೇಲೆ ನನ್ನ ಬದಿಗಿಟ್ಟ ಅಧ್ಯಾಯಕ್ಕೆ ಮರಳಿದೆ. ಅಲ್ಲಿದ್ದ ಶಾಸನಗಳು ಈಗ ಬೇರೆಯಾಗಿ ಕಂಡವು.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ಎರಡು ವರ್ಷ ದಿನಕ್ಕೆ ಸಾವಿರ ಆಳು, ನೂರು ಬಂಡಿ ದುಡಿದ ಕೆಲಸ. ಒಳ್ಳೆಯ ಕೆರೆಗೆ ಏನೇನು ಬೇಕು ಎಂದು ಹನ್ನೆರಡು ಅಂಗಗಳನ್ನು ಹೇಳಿ, ಆಮೇಲೆ ಆರು ದೋಷಗಳನ್ನು ಅದು ಪಟ್ಟಿ ಮಾಡುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ನೀರಿನ ಹರಿವು ಕಡಿಮೆಯಿದ್ದು ಜಾಗ ಹೆಚ್ಚಿರುವುದು ಇಂಥವು. ಅವುಗಳಲ್ಲಿ ಒಂದು ದೋಷ ನನ್ನನ್ನು ಬಹಳ ಹೊತ್ತು ನಿಲ್ಲಿಸಿತು: ಎರಡು ರಾಜ್ಯಗಳ ಗಡಿಯ ಮೇಲೆ ಕೆರೆ ಇರುವುದು. ಕೆರೆ ಒಡೆದರೆ ಯಾರು ಕಟ್ಟಬೇಕು, ನೀರಿಗೆ ಜಗಳವಾದರೆ ಯಾರು ತೀರ್ಮಾನಿಸಬೇಕು? ನನ್ನ ಫೋಟೋಗಳು ಇದ್ದದ್ದು ಅಂಥ ಗಡಿಯ ಮೇಲೆಯೇ. ವಿಶ್ವವಿದ್ಯಾಲಯ ಕಂಪನಿಯ ಕಡೆ ಕೈ ತೋರಿಸುತ್ತದೆ, ಕಂಪನಿ ಒಪ್ಪಂದದ ಕಡೆ ಕೈ ತೋರಿಸುತ್ತದೆ, ಒಪ್ಪಂದದಲ್ಲಿ ನನ್ನ ಹೆಸರೇ ಇಲ್ಲ.

ಇನ್ನೊಂದು ಸಂಗತಿ. ಕೆರೆ ಕಟ್ಟಿಸಿದವರ ಪುಣ್ಯವನ್ನು ಶಾಸನಗಳು ಹೊಗಳುತ್ತವೆ, ಸರಿ. ಆದರೆ ನಮ್ಮ ಕಡೆಯ ಕೆರೆ ಶಾಸನಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ರತಿವರ್ಷ ಹೂಳೆತ್ತುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ, ಏರಿ ನೋಡಿಕೊಳ್ಳುವವರಿಗೆ ಇಂತಿಷ್ಟು ಗದ್ದೆ ಎಂದು ಬಿಟ್ಟುಕೊಟ್ಟ ದತ್ತಿಗಳಿವೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಅದಕ್ಕಾಗಿಯೇ ಇವೆ. ಕಟ್ಟುವುದು ಒಂದು ಸಲದ ಖರ್ಚು, ಉಳಿಸಿಕೊಳ್ಳುವುದು ಪ್ರತಿವರ್ಷದ ಖರ್ಚು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ವಿಶ್ವವಿದ್ಯಾಲಯಗಳ ಆಯವ್ಯಯ ಇದಕ್ಕೆ ತಿರುವುಮುರುವು. ಯಂತ್ರ ಕೊಳ್ಳಲು ಅನುದಾನ ಸಿಗುತ್ತದೆ, ಟೆಂಡರ್ ಆಗುತ್ತದೆ, ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯುತ್ತಾರೆ, ಉದ್ಘಾಟನೆಯ ಫಲಕ ಹಾಕುತ್ತಾರೆ. ಅದನ್ನು ಹತ್ತು ವರ್ಷ ನೋಡಿಕೊಳ್ಳುವವರ ಸಂಬಳಕ್ಕೆ ತಲೆಬರಹವಿಲ್ಲ. ಕ್ಲೌಡ್ ಎಂದರೆ ಇಡಿಯಾಗಿ ಉಳಿಸಿಕೊಳ್ಳುವ ಖರ್ಚು, ತಿಂಗಳು ತಿಂಗಳು ಬರುವ ಬಾಡಿಗೆ. ಅದನ್ನು ಉಚಿತವೆಂದು ಕೊಟ್ಟಾಗ ನಾವು ಹೂಳೆತ್ತುವ ಬಂಡಿಯನ್ನು ಮರೆತೇ ಬಿಟ್ಟೆವು.

ನಾನು ಏನು ಮಾಡಿದೆ ಎಂದು ಹೇಳಿ ಮುಗಿಸುತ್ತೇನೆ. ಫೆಲೋಶಿಪ್ಪಿನ ದುಡ್ಡಿನಲ್ಲಿ ಎರಡು ಹಾರ್ಡ್ ಡಿಸ್ಕ್ ಕೊಂಡೆ. ಮೂವತ್ತು ದಿನಗಳಲ್ಲಿ ಇಪ್ಪತ್ತೆರಡು ದಿನ ಹಾಸ್ಟೆಲಿನ ವೈಫೈಯಲ್ಲಿ ಇಳಿಸುವುದರಲ್ಲೇ ಹೋಯಿತು. ಒಂದು ಡಿಸ್ಕ್ ಊರಿನಲ್ಲಿ ಅಮ್ಮನ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ನಡುವೆ. ಇನ್ನೊಂದನ್ನು ತೆಗೆದುಕೊಂಡು ಮೇಷ್ಟ್ರ ಹತ್ತಿರ ಹೋದೆ. ಅವರು ಕೈಯಲ್ಲಿ ತಿರುಗಿಸಿ ನೋಡಿ, "ನೋಡಮ್ಮ, ಇದು ನಿನ್ನ ಹತ್ರ ಇದ್ರೆ ನಿನ್ನದು. ನೀನು ಪಿಎಚ್‌ಡಿ ಮುಗಿಸಿ ಹೋದ ಮೇಲೆ ಯಾರದು?" ಎಂದರು. ಇಬ್ಬರೂ ವಿಭಾಗದ ಗ್ರಂಥಾಲಯಕ್ಕೆ ಹೋದೆವು. ಗ್ರಂಥಪಾಲಕರು ಮೊದಲು ಒಪ್ಪಲಿಲ್ಲ, ಇದು ಪುಸ್ತಕವಲ್ಲ ಎಂದರು. ಯಾವ ಊರು, ಯಾವ ಕಲ್ಲು, ಯಾವ ತಾರೀಕು ಎಂದು ನಾನು ಬರೆದು ಮುದ್ರಿಸಿ ಕೊಟ್ಟ ತೊಂಬತ್ತು ಪುಟದ ಪಟ್ಟಿಯನ್ನು ಹೊಲಿಸಿ ರಟ್ಟು ಹಾಕಿಸಿ ತಂದಾಗ ಒಪ್ಪಿದರು. ಪಟ್ಟಿಗೆ ದಾಖಲಾತಿ ಸಂಖ್ಯೆ ಬಿತ್ತು, ಡಿಸ್ಕ್ ಅದರ ಅನುಬಂಧವಾಯಿತು.

ಡಿಸ್ಕ್ ಎಷ್ಟು ವರ್ಷ ಬರುತ್ತದೆ ಎಂದು ಅವರು ಕೇಳಿದರು. ಐದು ವರ್ಷಕ್ಕೊಮ್ಮೆ ಹೊಸದಕ್ಕೆ ನಕಲು ಮಾಡಿಕೊಂಡರೆ ಒಳ್ಳೆಯದು ಸರ್ ಎಂದೆ. ರಿಜಿಸ್ಟರಿನ ಷರಾ ಕಲಮಿನಲ್ಲಿ ಅವರು ಅದನ್ನೂ ಕನ್ನಡದಲ್ಲಿ ಬರೆದುಕೊಂಡರು. ಹುಣಸೆ ಮರದ ಬುಡದ ಆ ಕಲ್ಲಿನಲ್ಲಿ ಇದ್ದದ್ದೂ ಅಷ್ಟೇ, ಒಂದು ಕೆರೆಯ ಹೆಸರು, ಒಂದು ಬಂಡಿ, ಅದಕ್ಕೆ ಬಿಟ್ಟ ಒಂದು ತುಂಡು ಗದ್ದೆ.